ಆತಕೂರಿನ ಕಾಳಿ

ಹೋದ ವರ್ಷ ನಮ್ಮ ಮನೆಯ ನಾಯಿ ತೀರಿಕೊಂಡಾಗ ಆಫೀಸಿಗೆ ಎರಡು ದಿನ ರಜೆ ಹಾಕಿದ್ದೆ. “ನಾಯಿಗೆಲ್ಲ ಇಷ್ಟೊಂದು ಅಳ್ತಾರೇನಮ್ಮಾ?” ಎಂದರು ಪಕ್ಕದ ಮನೆಯ ಹಿರಿಯರು. ಸಮಾಧಾನ ಮಾಡಲೆಂದೇ ಹೇಳಿದ್ದು, ಆದರೂ ಮನಸ್ಸಿಗೆ ನಾಟಿತು. ಆಗ ನೆನಪಾದದ್ದು ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿದ್ದ ಆತಕೂರು ಶಾಸನ. ಹುಡುಕಿ ಓದಿದೆ.

ಕಥೆ ಶುರುವಾಗುವುದು ನಾನಿರುವ ಚೆನ್ನೈಗೆ ಹತ್ತಿರದಲ್ಲೇ. ಬೆಂಗಳೂರಿಗೆ ಹೋಗುವ ರೈಲು ಅರಕ್ಕೋಣಂ ದಾಟುತ್ತದಲ್ಲ, ತಕ್ಕೋಲಂ ಅಲ್ಲಿಂದ ದೂರವಿಲ್ಲ. ಕ್ರಿ.ಶ. 949ರ ಸುಮಾರಿಗೆ ಅಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧ ನಡೆಯಿತು. ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಕೃಷ್ಣನ ಪರವಾಗಿ ಹೋರಾಡಿದವನು ಗಂಗರ ಇಮ್ಮಡಿ ಬೂತುಗ. ಬೂತುಗನ ಬಂಟ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಊರುಗಳೂ ಸಿಕ್ಕವು, ಅದು ಬೇರೆ. ಬಾಯಿಬಿಟ್ಟು ಕೇಳಿದ್ದು ಮಾತ್ರ ನಾಯಿಯನ್ನು.

ಮುಂದೆ ಕೆಳಲೆ ನಾಡಿನ ಗುಡ್ಡವೊಂದರಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಚಲ್ಲೇಶ್ವರನ ಗುಡಿಯ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ಇದನ್ನು ನಿರ್ಮಲ ಪ್ರೀತಿ ಎಂದು ಹಾಡಿ ಹೊಗಳಲು ನನಗೆ ಅಳುಕು. ಕಾಳಿ ಒಬ್ಬ ಯಜಮಾನನಿಂದ ಇನ್ನೊಬ್ಬನ ಕೈಗೆ ಹೋದದ್ದು ಅದರ ಇಷ್ಟ ಕೇಳಿ ಅಲ್ಲ. ಹಂದಿಯ ಮೇಲೆ ಬಿಟ್ಟವರೂ ಅವರೇ. ಆದರೆ ಸತ್ತಮೇಲೆ ಇನ್ನೊಂದು ನಾಯಿ ತಂದರಾಯಿತು ಎಂದುಕೊಂಡು ಸುಮ್ಮನಾಗಲಿಲ್ಲ. ಇನ್ನು ಕೆಲಸಕ್ಕೆ ಬಾರದ ಜೀವಕ್ಕೆ ಹೆಸರು ಹಿಡಿದು ಬರೆಸಿದರು, ದಿನವೂ ನೆನೆಯುವ ಏರ್ಪಾಡು ಮಾಡಿದರು. ತಕ್ಕೋಲದ ಯುದ್ಧವನ್ನು ತಿಳಿಯಲು ಇತಿಹಾಸಕಾರರು ಇದೇ ಕಲ್ಲನ್ನು ಓದುತ್ತಾರೆ. ಅದರ ಮೇಲೆ ಕೆತ್ತಿರುವ ಚಿತ್ರವೋ, ನಾಯಿ–ಹಂದಿಯ ಕಾಳಗದ್ದು. ಕಾಳಿಗೆ ದಿನಾ ಅನ್ನ ಹಾಕುತ್ತಿದ್ದವರು ಯಾರು ಎಂಬುದು ಮಾತ್ರ ಶಾಸನದಲ್ಲಿ ಇಲ್ಲ. ಮನೆಯ ಹೆಂಗಸರೇ ಇರಬೇಕು ಎಂದು ನನ್ನ ಊಹೆ!

ಆ ಕಲ್ಲನ್ನು ಆಮೇಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದರು. ಎಂ.ಟೆಕ್. ಓದುವಾಗ ಗೆಳತಿಯರ ಜೊತೆ ಅಲ್ಲಿಗೆ ಹೋಗಿದ್ದೆ. ಕಾಳಿಯ ಮುಂದೆ ಒಂದು ನಿಮಿಷ ನಿಂತ ನೆನಪೂ ಇಲ್ಲ. ಮುಂದಿನ ಸಲ ತವರಿಗೆ ಹೋದಾಗ ಮೊದಲು ಅಲ್ಲಿಗೆ.