ಲಾಲ್‌ಬಾಗಿನ ಖಾಲಿ ಕುರ್ಚಿಗಳು: ಮಂಗಳೂರು ಪಾಲಿಕೆ ಚುನಾವಣೆ ನಡೆದು ಬಂದ ದಾರಿ

2013ರ ಮಾರ್ಚ್‌ನಲ್ಲಿ ಮಂಗಳೂರಿನವರು ಲಾಲ್‌ಬಾಗಿನಲ್ಲಿ ಕಚೇರಿಯಿರುವ ತಮ್ಮ ಮಹಾನಗರ ಪಾಲಿಕೆಯ 60 ವಾರ್ಡುಗಳಿಗೆ ಕಾರ್ಪೊರೇಟರುಗಳನ್ನು ಆರಿಸಿದರು. ಕಾಂಗ್ರೆಸ್ಸಿಗೆ 35, ಬಿಜೆಪಿಗೆ 20, ಜೆಡಿಎಸ್‌ಗೆ 2 ಸ್ಥಾನ ಬಂತು. ಎಸ್‌ಡಿಪಿಐ, ಸಿಪಿಎಂ ಮತ್ತು ಪಕ್ಷೇತರರಿಗೆ ಒಂದೊಂದು ಸಿಕ್ಕಿತು. ಗೆದ್ದವರಿಗೆ ಹಾರ ಬಿತ್ತು, ಪಟಾಕಿ ಸಿಡಿಯಿತು. ಆಮೇಲೆ ಒಂದು ವರ್ಷ ಅವರಿಗೆ ಕೂರಲು ಸಭೆಯೇ ಇರಲಿಲ್ಲ. ಮೇಯರ್ ಮೀಸಲಾತಿಯ ತಕರಾರು ನ್ಯಾಯಾಲಯದಲ್ಲಿ ಸಿಕ್ಕಿಕೊಂಡು, ಮಹಾಬಲ ಮಾರ್ಲ ಮೇಯರ್ ಆಗುವ ಹೊತ್ತಿಗೆ 2014ರ ಮಾರ್ಚ್ ಬಂದಿತ್ತು. ಅದೇ ಮತದಾರರಿಗೆ ಮತ್ತೆ ಮತಗಟ್ಟೆ ತೆರೆದದ್ದು 2019ರ ನವೆಂಬರ್ 12ರಂದು. ಐದು ವರ್ಷಕ್ಕೊಮ್ಮೆ ಬರಬೇಕಾದ ಚುನಾವಣೆ ಆರು ವರ್ಷ ಎಂಟು ತಿಂಗಳಿಗೆ ಬಂತು.

ಪಾಲಿಕೆ ಚುನಾವಣೆ ಎಂದರೆ ಯಾವ ಪಕ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕುವುದು ನಮ್ಮ ಪತ್ರಿಕೆಗಳ ರೂಢಿ. ಮಂಗಳೂರಿನ ಮಟ್ಟಿಗೆ ನೋಡಬೇಕಾದದ್ದು ಎರಡು ಪಾಲಿಕೆ ಪರಿಷತ್ತುಗಳ ನಡುವಿನ ಖಾಲಿ ಜಾಗವನ್ನು.

ಊರಿಗೆ ಪುರಸಭೆ ಬಂದದ್ದು ಮದ್ರಾಸ್ ಪ್ರಾಂತ್ಯದ 1865ರ ಕಾಯ್ದೆಯಡಿ, 1866ರಲ್ಲಿ. ಆಗ ಸದಸ್ಯರನ್ನು ಸರ್ಕಾರವೇ ನೇಮಿಸುತ್ತಿತ್ತು, ಜನ ತೆರಿಗೆ ಕಟ್ಟಿದರೆ ಸಾಕಿತ್ತು. ಲಾರ್ಡ್ ರಿಪ್ಪನ್ 1882ರಲ್ಲಿ ಹೊರಡಿಸಿದ ಸ್ಥಳೀಯ ಸ್ವಯಮಾಡಳಿತದ ನಿರ್ಣಯ, ಅದರ ಬೆನ್ನಿಗೇ ಬಂದ 1884ರ ಮದ್ರಾಸ್ ಕಾಯ್ದೆ ಚುನಾಯಿತ ಸದಸ್ಯರಿಗೆ ಹೆಚ್ಚು ಜಾಗ ಮಾಡಿಕೊಟ್ಟವು. ಆದರೂ ಮತದ ಹಕ್ಕು ಆಸ್ತಿವಂತರಿಗೇ ಸೀಮಿತವಾಗಿತ್ತು. ಮಂಗಳೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1980ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆಯಾಯಿತು. ಮುಂದೆ ಸುರತ್ಕಲ್ ಕಡೆಯ ಊರುಗಳೂ ಸೇರಿಕೊಂಡವು.

ನಿಜವಾದ ತಿರುವು 1993. ಅದಕ್ಕೆ ಮೊದಲು ನಗರಾಡಳಿತದ ಚುನಾವಣೆ ಯಾವಾಗ ಎಂಬುದು ದೇಶದ ತುಂಬ ರಾಜ್ಯ ಸರ್ಕಾರಗಳ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಸಂವಿಧಾನದ 74ನೇ ತಿದ್ದುಪಡಿ ಆ ಜೂನ್ 1ರಂದು ಜಾರಿಗೆ ಬಂದು, ಪರಿಷತ್ತಿನ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಬರೆಯಿತು. ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಟ್ಟಿತು. ಕರ್ನಾಟಕ ಅದನ್ನು ಅರ್ಧಕ್ಕೇರಿಸಿದೆ. ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗವೂ ಬಂತು. ಅವಧಿ ಮೀರಬಾರದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು.

ಹಾಗಿದ್ದೂ ತಡವಾಗುವುದೇಕೆ? ಬೀಗ ಆಯೋಗದ ಕೈಯಲ್ಲಿದೆ, ಕೀಲಿಕೈ ಸರ್ಕಾರದ ಕಿಸೆಯಲ್ಲಿದೆ. ವಾರ್ಡುಗಳ ಗಡಿ ಹಾಕುವುದು, ಯಾವ ವಾರ್ಡು ಯಾವ ವರ್ಗಕ್ಕೆ ಎಂದು ಪಟ್ಟಿ ಮಾಡುವುದು ಸರ್ಕಾರದ ಕೆಲಸ. ಆ ಪಟ್ಟಿ ಬರುವ ತನಕ ಆಯೋಗ ದಿನಾಂಕ ಹೇಳುವಂತಿಲ್ಲ. ಪಟ್ಟಿ ಬಂದ ಮರುದಿನ ಯಾರಾದರೊಬ್ಬರು ಹೈಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಅವರದೂ ತಪ್ಪಲ್ಲ, ಪಟ್ಟಿಗಳಲ್ಲಿ ಹುಳುಕು ಇರುತ್ತದೆ. ಗೆದ್ದ ಮೇಲೆ ಇನ್ನೊಂದು ಸುತ್ತು: ಮೇಯರ್ ಸ್ಥಾನಕ್ಕೆ ಪ್ರತಿವರ್ಷ ಬದಲಾಗುವ ಮೀಸಲಾತಿ, ಅದಕ್ಕೆ ಮತ್ತೊಂದು ದಾವೆ.

ಈ ಖಾಲಿ ಅವಧಿಯಲ್ಲಿ ಊರು ನಿಂತಿರುವುದಿಲ್ಲ. 2019ರ ಮಾರ್ಚ್‌ನಲ್ಲಿ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಮೇ ತಿಂಗಳಲ್ಲಿ ನಗರಕ್ಕೆ ನೀರುಣಿಸುವ ತುಂಬೆ ಅಣೆಕಟ್ಟು ತಳ ಕಂಡು ನೀರಿಗೆ ರೇಷನಿಂಗ್ ಆಯಿತು. ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಪ್ರದೇಶದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ನುಂಗಿತು. ಊರಿನ ಎರಡು ದೊಡ್ಡ ಸಂಕಟಗಳು ಒಂದೇ ವರ್ಷದಲ್ಲಿ ಬಂದವು. ಆಗ ಹೋಗಿ ಕೇಳೋಣವೆಂದರೆ ಯಾವ ವಾರ್ಡಿಗೂ ಕಾರ್ಪೊರೇಟರ್ ಇರಲಿಲ್ಲ. ಇದ್ದಿದ್ದರೆ ಗುಡ್ಡ ಜರಿಯುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬೈಯಲು ಒಬ್ಬರಾದರೂ ಸಿಗುತ್ತಿದ್ದರು.

ಆ ನವೆಂಬರಿನಲ್ಲಿ ಬಿಜೆಪಿ 44, ಕಾಂಗ್ರೆಸ್ 14, ಎಸ್‌ಡಿಪಿಐ 2 ಗೆದ್ದವು. ದಿವಾಕರ ಪಾಂಡೇಶ್ವರ ಮೇಯರ್ ಆದದ್ದು ಮೂರು ತಿಂಗಳ ಬಳಿಕ, 2020ರ ಫೆಬ್ರವರಿ 28ರಂದು. ಅವರ ನಂತರ ಪ್ರೇಮಾನಂದ ಶೆಟ್ಟಿ, ಜಯಾನಂದ ಅಂಚನ್, ಸುಧೀರ್ ಶೆಟ್ಟಿ ಕಣ್ಣೂರು, ಮನೋಜ್ ಕುಮಾರ್ ಕೋಡಿಕಲ್ ಬಂದರು. ಐದು ವರ್ಷಕ್ಕೆ ಐವರು. ಒಂದು ವರ್ಷದಲ್ಲಿ ಮೇಯರ್‌ಗೆ ಕಡತಗಳ ಪರಿಚಯವಾಗುವಷ್ಟರಲ್ಲಿ ಬೀಳ್ಕೊಡುಗೆ. ಕಾರ್ಯಾಂಗದ ಅಧಿಕಾರವಂತೂ ಸರ್ಕಾರ ಕಳಿಸುವ ಆಯುಕ್ತರದು. ಈ ಅವಧಿಯ ಒಳ್ಳೆಯ ಸಂಗತಿ ಎಂದರೆ ನಾಗರಿಕರ ಒತ್ತಾಯದಿಂದ ವಾರ್ಡ್ ಸಮಿತಿಗಳು ರಚನೆಯಾದದ್ದು. ಕಾಯ್ದೆಯಲ್ಲಿ ಮೊದಲೇ ಇದ್ದ ಈ ವ್ಯವಸ್ಥೆ ಬೆಂಗಳೂರಿನ ಹೊರಗೆ ಬಹುತೇಕ ಕಾಗದದಲ್ಲೇ ಉಳಿದಿತ್ತು. 2025ರ ಫೆಬ್ರವರಿ ಕೊನೆಗೆ ಪರಿಷತ್ತಿನ ಅವಧಿ ಮುಗಿಯಿತು. ಚುನಾವಣೆ ಆಗಿರಲಿಲ್ಲ. ಪಾಲಿಕೆ ಮತ್ತೆ ಆಡಳಿತಾಧಿಕಾರಿಯ ಕೈಗೆ ಹೋಯಿತು.

ಹೋಲಿಕೆಗೆ ನೋಡಿದರೆ, ಅಮೆರಿಕದ ದೊಡ್ಡ ನಗರಗಳಲ್ಲಿ ಲೆಕ್ಕವೇ ಬೇರೆ. ನ್ಯೂಯಾರ್ಕಿನ ಸುಮಾರು 88 ಲಕ್ಷ ಜನಕ್ಕೆ ಕೌನ್ಸಿಲ್ ಸದಸ್ಯರು 51. 2011ರ ಜನಗಣತಿಯಂತೆ ಮಂಗಳೂರಿನ ಸುಮಾರು 5 ಲಕ್ಷ ಜನಕ್ಕೆ 60. ಪ್ರತಿನಿಧಿ ಕೈಗೆಟಕುವ ವಿಷಯದಲ್ಲಿ ನಾವೇ ಮೇಲು. ಮತದಾನದಲ್ಲೂ ಅಷ್ಟೇ: ನ್ಯೂಯಾರ್ಕಿನ 2021ರ ಚುನಾವಣೆಗೆ ನಾಲ್ವರಲ್ಲಿ ಒಬ್ಬರೂ ಬರಲಿಲ್ಲ, 2019ರಲ್ಲಿ ಇಲ್ಲಿ ಶೇಕಡಾ 60ರ ಆಸುಪಾಸಿನಷ್ಟು ಮತ ಬಿತ್ತು. ಆದರೆ ಅಲ್ಲಿ ದಿನಾಂಕ ಕಾನೂನಿನಲ್ಲೇ ಇದೆ, ಯಾರೂ ಘೋಷಿಸುವುದಕ್ಕಾಗಿ ಕಾಯಬೇಕಿಲ್ಲ. 2001ರ ಸೆಪ್ಟೆಂಬರ್ 11ರಂದು ಆ ನಗರದಲ್ಲಿ ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಮತದಾನ ನಡೆಯುತ್ತಿತ್ತು. ಅವಳಿ ಗೋಪುರಗಳು ಉರುಳಿದವು, ಮತದಾನ ನಿಂತಿತು. ಎರಡು ವಾರಕ್ಕೆ, ಸೆಪ್ಟೆಂಬರ್ 25ರಂದು, ಮತ್ತೆ ನಡೆಯಿತು. ನಮ್ಮಲ್ಲಿ ಒಂದು ಮೀಸಲಾತಿ ಪಟ್ಟಿ ವರ್ಷ ನುಂಗುತ್ತದೆ.

ದಾರಿ ಇದೆ. ವಾರ್ಡು ವಿಂಗಡಣೆ, ಮೀಸಲಾತಿ ಎರಡನ್ನೂ ಆಯೋಗಕ್ಕೇ ಒಪ್ಪಿಸಬೇಕು. ಐದೂ ವರ್ಷದ ಮೇಯರ್ ಮೀಸಲಾತಿಯನ್ನು ವಾರ್ಡ್ ಪಟ್ಟಿಯ ಜೊತೆಗೇ, ಅವಧಿ ಮುಗಿಯಲು ವರ್ಷವಿರುವಾಗಲೇ ಪ್ರಕಟಿಸಬೇಕು. ತಕರಾರು ಇದ್ದವರು ಆಗಲೇ ನ್ಯಾಯಾಲಯಕ್ಕೆ ಹೋಗಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಕಾಯ್ದೆಗೆ ವಿಧಾನಮಂಡಲದ ಒಂದು ತಿದ್ದುಪಡಿ ಸಾಕು. ಮೇಯರ್ ಆಯ್ಕೆಯಲ್ಲಿ ಮತ ಹಾಕುವ ಹಕ್ಕು ನಗರದ ಶಾಸಕರಿಗೂ ಇದೆ. ಈ ತಿದ್ದುಪಡಿ ತರುವಂತೆ ಮಂಗಳೂರಿನವರು ಮೊದಲು ಕೇಳಬೇಕಾದದ್ದು ಅವರನ್ನೇ.