ಕೆಲಸ ಮುಗಿಸಿ ಕರಗಿಹೋಗುವ ಪ್ಲೇಟು

ನಮ್ಮ ಬಳ್ಳಾರಿ ಕಡೆಯವರಿಗೆ ಗಟ್ಟಿ ಅಂದ್ರೆ ಕಲ್ಲು. ಊರ ನಡುವೆ ಬಂಡೆಗುಡ್ಡ, ಅದರ ಮೇಲೆ ಕೋಟೆ. ಕುರುಗೋಡಿನಲ್ಲಿ ಒಂದೇ ಕಲ್ಲಿನ ದೊಡ್ಡಬಸವೇಶ್ವರ. ಉಳಿಯೋದೇ ಒಳ್ಳೇದು ಅನ್ನೋದು ನಮ್ಮ ಲೆಕ್ಕ. ಆದ್ರೆ ಮೆದುಳು, ಬೆನ್ನುಮೂಳೆ ಆಪರೇಷನ್ನಿನ ಚರಿತ್ರೆ ಓದ್ತಾ ಹೋದ್ರೆ ಕೆಲವು ಕಡೆ ಲೆಕ್ಕ ಉಲ್ಟಾ.... ಸರಿಯಾದ ಹೊತ್ತಿಗೆ ಕರಗೋದೇ ಅಲ್ಲಿ ದೊಡ್ಡ ಗುಣ!

ಯೋಚನೆ ಹಳೇದೇ. ಹರಿದ ಕರುಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ, ಮೈ ಕತ್ತರಿಸಿ, ತಲೆಯನ್ನು ಒಳಗೇ ಬಿಡಿ ಅನ್ನುತ್ತೆ ಸುಶ್ರುತ ಸಂಹಿತೆ. 1869ರಲ್ಲಿ ಜೋಸೆಫ್ ಲಿಸ್ಟರ್ ಕುರಿಯ ಕರುಳಿನ ಕ್ಯಾಟ್‌ಗಟ್ ದಾರವನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧಿ ಮಾಡಿ ಬಳಸಿದ್ದನ್ನು ಪ್ರಕಟಿಸಿದ. ಆ ದಾರ ಕರಗುತ್ತಿತ್ತು, ಯಾವಾಗ ಅನ್ನೋ ಗ್ಯಾರಂಟಿ ಇರಲಿಲ್ಲ.

1966ರಲ್ಲಿ ಅಮೆರಿಕದಲ್ಲಿ ಕುಲಕರ್ಣಿ ಮತ್ತು ಸಂಗಡಿಗರು, ದೇಹದೊಳಗಿಡುವ ವಸ್ತುಗಳಿಗೆ ಪಾಲಿಲ್ಯಾಕ್ಟಿಕ್ ಆಮ್ಲ ಬಳಸಬಹುದು ಅಂತ ಲೇಖನ ಪ್ರಕಟಿಸಿದರು. ಲ್ಯಾಕ್ಟಿಕ್ ಆಮ್ಲ ಅಂದ್ರೆ ಮೊಸರಿನ ಹುಳಿ! ಅದರ ಅಣುಗಳನ್ನು ಸರಪಳಿಯಾಗಿ ಹೆಣೆದರೆ ಗಟ್ಟಿ ಪ್ಲಾಸ್ಟಿಕ್. ದೇಹದ ನೀರು ಆ ಕೊಂಡಿಗಳನ್ನು ನಿಧಾನಕ್ಕೆ ಬಿಡಿಸುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೇಲಿ, ತಾನೇ ಡಿಲೀಟ್ ಆಗೋ ಟೆಂಪರರಿ ಫೈಲ್.

ಇದರ ಬೆಲೆ ಗೊತ್ತಾಗೋದು ಮಕ್ಕಳ ತಲೆಬುರುಡೆಯಲ್ಲಿ. ಬೆಳೆಯುವ ಬುರುಡೆಗೆ ಹೊರಗಡೆ ಹೊಸ ಮೂಳೆ ಸೇರುತ್ತೆ, ಒಳಗಡೆ ಹಳೇದು ಸವೆಯುತ್ತೆ. ಹಾಗಾಗಿ ಹೊರಗೆ ಕೂರಿಸಿದ ಲೋಹದ ಪ್ಲೇಟು ವರ್ಷಗಳಲ್ಲಿ ಒಳಗೆ, ಮೆದುಳಿನ ಕಡೆ ಸರಿಯಬಹುದು. 1990ರ ದಶಕದಲ್ಲಿ ಬಂದ ಕರಗುವ ಪ್ಲೇಟುಗಳು ಮೂಳೆ ಕೂಡುವವರೆಗೆ ಹಿಡಿದಿದ್ದು ಆಮೇಲೆ ಮಾಯವಾದವು. 1996ರಲ್ಲಿ ಅಮೆರಿಕ ಗ್ಲಿಯಾಡೆಲ್‌ಗೆ ಒಪ್ಪಿಗೆ ಕೊಟ್ಟಿತು. ಮೆದುಳಿನ ಗೆಡ್ಡೆ ತೆಗೆದ ಜಾಗದಲ್ಲಿಡುವ ಈ ಬಿಲ್ಲೆಗಳು ಕರಗುತ್ತಾ ಕ್ಯಾನ್ಸರ್ ಔಷಧಿ ಬಿಡುತ್ತವೆ.

ಬೆನ್ನುಮೂಳೆ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಅಲ್ಲಿ ಮೈಭಾರ ಹೆಚ್ಚು, ಮೂಳೆ ಬೆಸೆಯೋಕೆ ತಿಂಗಳುಗಟ್ಟಲೆ ಬೇಕು. 2000ರ ದಶಕದಲ್ಲಿ ಪ್ರಯತ್ನಿಸಿದ ಕರಗುವ ಕೇಜುಗಳು ಕೆಲವು ರೋಗಿಗಳಲ್ಲಿ ಮೂಳೆ ಕೂಡುವ ಮೊದಲೇ ಸೋತವು. ಬೇಗ ಕರಗಿದರೂ ಕಷ್ಟವೇ!

ನಮ್ಮ ಕಡೆ ಕೈಕಾಲು ಮುರಿದವರ ಮನೇಲಿ "ರಾಡ್ ತೆಗೆಸಬೇಕು" ಅನ್ನೋ ಮಾತು ಎಲ್ಲರಿಗೂ ಗೊತ್ತು. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕೂಲಿ ಮಾಡೋರಿಗೆ ಅದು ಬಳ್ಳಾರಿಗೆ ಇನ್ನೊಂದು ಓಡಾಟ, ಇನ್ನಷ್ಟು ದಿನದ ಕೂಲಿ ನಷ್ಟ. 1961ರಲ್ಲಿ ಬಳ್ಳಾರಿಗೆ ಸರ್ಕಾರಿ ಮೆಡಿಕಲ್ ಕಾಲೇಜು (ಮುಂದೆ ವಿಮ್ಸ್ ಆದದ್ದು) ಬಂದಾಗ ದೊಡ್ಡಾಸ್ಪತ್ರೆಯ ದಾರಿ ಹತ್ತಿರವಾಯ್ತು. ಕರಗುವ ಪ್ಲೇಟು ಎರಡನೇ ಆಪರೇಷನ್ನನ್ನೇ ತಪ್ಪಿಸಬಲ್ಲದು. ಆದ್ರೆ ಟೈಟಾನಿಯಂಗಿಂತ ಅದು ದುಬಾರಿ. ಮೊಸರಿನ ಹುಳಿ ಅಗ್ಗವಾಗಿ ಕೂಲಿಯವರ ಮಗುವಿಗೂ ಸಿಕ್ಕರೆ ಮಾತ್ರ ಈ ಚರಿತ್ರೆ ಪೂರ್ತಿಯಾದಂತೆ. ಏನಂತೀರಾ?