ಕೀಲಿ ಕೊಡುವುದು

ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೊರಟ ಬಸ್ಸು. ಮುಂದಿನ ಸೀಟಿನ ಮುದುಕಿ ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದಳು: ‘ಅವಂದೇನೂ ತಪ್ಪಿಲ್ಲವಾ, ಯಾರೋ ಹಿಂದ ನಿಂತು ಕೀಲಿ ಕೊಡಾಕತ್ತಾರ.’ ಫೋನು ಇಟ್ಟಳೋ ಇಲ್ಲವೋ, ಪಕ್ಕದಲ್ಲಿದ್ದ ಆರೇಳು ವರ್ಷದ ಮೊಮ್ಮಗ ಕೇಳಿದ: ‘ಆಯಿ, ಕೀಲಿ ಯಾಕ ಕೊಟ್ಟಾರ? ಅವ್ರ ಮನಿ ಕೀಲಿ ಕಳದೈತೇನು?’

ಹುಡುಗ ಕೇಳಿದ್ದರಲ್ಲಿ ತಪ್ಪೇನಿದೆ? ಅವನು ಹುಟ್ಟುವ ಹೊತ್ತಿಗೆ ಕೀಲಿ ಕೊಡಿಸಿಕೊಂಡು ನಡೆಯುವ ವಸ್ತು ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಮಾತು ಉಳಿದದ್ದು ಚಾಡಿ ಹೇಳುವವರ ಸಲುವಾಗಿ ಮಾತ್ರ. ಒಳ್ಳೆಯ ಮಾತೊಂದು ಬೈಗುಳದ ಬದಿಗೆ ಜಾರಿ ಬಿದ್ದಿದೆಯಲ್ಲ ಎಂದು ನನಗೆ ಸಂಕಟ.

ಬಾಗಿಲಿಗೆ ನಾವು ಕೀಲಿ ಹಾಕುತ್ತೇವೆ, ತೆಗೆಯುತ್ತೇವೆ. ಗಡಿಯಾರಕ್ಕೆ ಮಾತ್ರ ಕೊಡುತ್ತೇವೆ. ಕೀಲಿಯ ಹುಟ್ಟನ್ನು ನಿಘಂಟಿನವರು ನೋಡಿಕೊಳ್ಳಲಿ, ನನ್ನ ಕಣ್ಣು ಈ ‘ಕೊಡು’ ಮೇಲೆ. ಸಾಲ ಕೊಡುತ್ತೇವೆ, ಮಾತು ಕೊಡುತ್ತೇವೆ, ಕೂಲಿ ಕೊಡುತ್ತೇವೆ. ಕೊಟ್ಟದ್ದು ಯಾವುದೋ ರೂಪದಲ್ಲಿ ತಿರುಗಿ ಬರಬೇಕು. ಬೇಲಿ ಹಾಕಿದರೆ, ಬೀಗ ಹಾಕಿದರೆ ಅಂಥ ನಿರೀಕ್ಷೆ ಇಲ್ಲ. ಗಡಿಯಾರವನ್ನು ಮೊದಲು ಕಂಡ ನಮ್ಮ ಹಿರಿಯರು, ಬೆರಳಿನ ಬಲ ಅದರ ಹೊಟ್ಟೆಯ ಸುರುಳಿಗೆ ದಾಟುವುದನ್ನೂ, ಆ ಬಲವನ್ನು ಅದು ಟಿಕ್ ಟಿಕ್ ಎಂದು ಚೂರು ಚೂರಾಗಿ ತೀರಿಸುವುದನ್ನೂ ನೋಡಿಯೇ ಈ ಕ್ರಿಯಾಪದ ಆರಿಸಿದರೆಂದು ನಾನು ನಂಬಿದ್ದೇನೆ. ಕವಿರಾಜಮಾರ್ಗ ಕನ್ನಡದ ತಿರುಳಿಗೆ ಎಲ್ಲೆ ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಆ ಸೀಮೆಯ ಜನ ಕ್ರಿಯಾಪದವನ್ನು ತೂಗದೆ ಬಳಸಿದರೆಂದರೆ ನಾನು ಒಪ್ಪುವುದಿಲ್ಲ.

ಮುಂಡರಗಿಯ ಅಜ್ಜನ ಮನೆಯ ಪಡಸಾಲೆಯಲ್ಲಿ ಎಂಟು ದಿನದ ಗಡಿಯಾರವಿತ್ತು. ಸೋಮವಾರ ಜಳಕ, ಪೂಜೆ ಮುಗಿಸಿ, ವಿಭೂತಿ ಆರುವ ಮೊದಲೇ ಅಜ್ಜ ಸ್ಟೂಲು ಹತ್ತುತ್ತಿದ್ದ. ಗಾಜಿನ ಬಾಗಿಲು ತೆಗೆದರೆ ಎಣ್ಣೆಯ ಹಳೇ ವಾಸನೆ. ಒಳಗೆ ಲೋಲಕದ ಪಕ್ಕ ಚಿಟ್ಟೆಯ ರೆಕ್ಕೆಯಂಥ ಹಿತ್ತಾಳೆ ಕೀಲಿ. ಮುಖದ ಮೇಲೆ ಎರಡು ತೂತು: ಬಲಗಡೆಯದು ಮುಳ್ಳು ನಡೆಯಲಿಕ್ಕೆ, ಎಡಗಡೆಯದು ಗಂಟೆ ಹೊಡೆಯಲಿಕ್ಕೆ. ಅಜ್ಜ ಕಿರ್ರ್ ಕಿರ್ರ್ ಎಂದು ತಿರುವುವಾಗ ಎಣಿಸುತ್ತಿರಲಿಲ್ಲ. ಕೈಗೆ ಬಿಗಿ ತಾಗಿದಲ್ಲಿಗೆ ನಿಲ್ಲಿಸುತ್ತಿದ್ದ. ಒಮ್ಮೆ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ತಿರುವಿಸಿದ. ಮೊದಲ ಸುತ್ತುಗಳು ಬೆಣ್ಣೆಯಂತೆ. ಆಮೇಲೆ ಒಳಗಿನಿಂದ ಯಾರೋ ಮೆಲ್ಲಗೆ ತಡೆದಂತೆ. ‘ಸಾಕು ಬಿಡು, ಅದಕ್ಕ ಹೊಟ್ಟಿ ತುಂಬೇತಿ’ ಎಂದ. ಚಿಕ್ಕಮ್ಮ ಬಾಣಂತನಕ್ಕೆ ಬಂದ ವರ್ಷ ಮೂರು ತಿಂಗಳು ಎಡಗಡೆಯ ತೂತಿಗೆ ಅಜ್ಜ ಕೀಲಿ ಕೊಡಲೇ ಇಲ್ಲ. ಕೂಸಿನ ನಿದ್ದೆ ಕೆಡಬಾರದಲ್ಲ. ಗಡಿಯಾರ ಬಾಯಿ ಮುಚ್ಚಿಕೊಂಡು ನಡೆಯಿತು. ಕೂಸನ್ನು ಕರೆದುಕೊಂಡು ಚಿಕ್ಕಮ್ಮ ಬೆಟಗೇರಿಗೆ ಹೋದ ಮರುದಿನ, ಸೋಮವಾರಕ್ಕೂ ಕಾಯದೆ, ಎಡಗಡೆ ಕೀಲಿ ಕೊಟ್ಟ. ಆಗ ಹೊಡೆದ ಹನ್ನೊಂದು ಗಂಟೆ ಕೇಳಿ ಅಮ್ಮ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಂಡಳು.

1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ ತಯಾರಾಗತೊಡಗಿದ ಮೇಲೆ ಈ ಕೆಲಸ ಗೋಡೆಯಿಂದ ಮಣಿಕಟ್ಟಿಗೆ ಇಳಿಯಿತು. ಅಪ್ಪನ ‘ಜನತಾ’ಕ್ಕೆ ದಿನಾ ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ತಿಕ್ಕಾಟ. ಮುಂದೆ ಕ್ವಾರ್ಟ್ಜ್ ಬಂತು, ಗಡಿಯಾರಕ್ಕೂ ‘ಸೆಲ್ ಹಾಕು’ ಎಂದೆವು. ಕೊಡುವುದು ಅಲ್ಲಿಗೆ ತಪ್ಪಿತು. ಇಷ್ಟಾದರೂ ರೇಡಿಯೋ, ಟಿವಿಗೆ ನಮ್ಮ ಕಡೆ ‘ಹಚ್ಚು’ ಎಂಬ ಚಂದದ ಮಾತಿತ್ತು, ದೀಪ ಹಚ್ಚಿದ ಹಾಗೆ. ಈಗ ಅದೂ ‘ಆನ್ ಮಾಡು’. ಮನೆಗೆ ಕೀಲಿ ಹಾಕುವವರೂ ಕಡಿಮೆ, ಎಲ್ಲರೂ ‘ಲಾಕ್ ಮಾಡಿ’ ಬರುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹೊಸ ವಸ್ತು ಬರಲಿ, ಅದಕ್ಕೊಂದು ಕ್ರಿಯಾಪದ ನಾವೇ ಹುಡುಕಬಾರದೆ? ಕ್ಯಾಸೆಟ್ಟಿನ ರೀಲು ಹೊರಬಂದಾಗ ಪೆನ್ನು ತೂರಿಸಿ ತಿರುವುವುದಕ್ಕೆ ನಾವು ಹುಡುಗರು ‘ಕೀಲಿ ಕೊಡು’ ಎನ್ನಲಿಲ್ಲ, ‘ಸುತ್ತು’ ಎಂದೆವು, ಬಗರಿಗೆ ದಾರ ಸುತ್ತಿದಂತೆ. ಎರಡರ ಅಂತರ ಹೇಳಿಕೊಡದೆಯೇ ತಿಳಿದಿತ್ತು.

ಕೀಲಿ ಕೊಡುವುದು ಎಂದರೆ ಮನುಷ್ಯನ ತಲೆ ಕೆಡಿಸುವುದು ಎನ್ನುವವರಿಗೆ ಗದಗಿನದೇ ಒಂದು ಸಂಗತಿ ನೆನಪಿಸುತ್ತೇನೆ. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆಯುತ್ತಿದ್ದ ಬಾಲಕ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಕೇಳಿ ಮರುಳಾಗಿ, 1933ರಲ್ಲಿ 11ನೇ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಅಂಥ ಗ್ರಾಮೋಫೋನಿಗೆ ಪಕ್ಕದ ಹಿಡಿಕೆ ತಿರುವಿ ಕೀಲಿ ಕೊಡಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಕರಿ ತಟ್ಟೆ ಒಂದು ಮಗ್ಗುಲಿಗೆ ಹಾಡುವುದು ಹೆಚ್ಚುಕಡಿಮೆ ಮೂರು ನಿಮಿಷ. ಕೀಲಿ ಇಳಿದರೆ ಎಂಥ ಗವಾಯಿಯ ದನಿಯೂ ಜೋಲು ಬೀಳುತ್ತದೆ. ಆ ಹುಡುಗ ಕೇಳಿದ ಠುಮ್ರಿಗೂ ಯಾರದೋ ಕೈ ಹಿಡಿಕೆ ತಿರುವಿರಬೇಕು. ಆ ಕೈ ಕೊಟ್ಟ ಕೀಲಿ ಪೆಟ್ಟಿಗೆ ದಾಟಿ ಹುಡುಗನೊಳಗೆ ಹೊಕ್ಕಿತು, 2011ರಲ್ಲಿ ಅವರು ತೀರಿಕೊಳ್ಳುವ ತನಕ ಇಳಿಯಲಿಲ್ಲ.

ಬಸ್ಸಿನಲ್ಲಿ ಆಯಿ ಮೊಮ್ಮಗನಿಗೆ ಬಿಡಿಸಿ ಹೇಳಲು ನೋಡಿದಳು. ಶಿರಹಟ್ಟಿ ಫಕೀರೇಶ್ವರನ ಜಾತ್ರೆಯಲ್ಲಿ ತಾನು ಕೊಂಡಿದ್ದ ಡೋಲು ಬಾರಿಸುವ ತಗಡಿನ ಮಂಗನ ಕಥೆ ಹೇಳಿದಳು. ಹುಡುಗನಿಗೆ ತಿಳಿಯಲಿಲ್ಲ. ಕೊನೆಗೆ ಅವನನ್ನು ಎದ್ದು ನಿಲ್ಲಿಸಿ, ಬೆನ್ನಿಗೆ ಎರಡು ಬೆರಳು ಒತ್ತಿ, ‘ಕಿರ್ರ್, ಕಿರ್ರ್’ ಎಂದು ತಿರುವಿದಳು. ಅವನು ಕೈಕಾಲು ಬಡಿಯುತ್ತ ಡ್ರೈವರ್ ಸೀಟಿನ ತನಕ ಕುಣಿದು ಹೋದ. ಅಲ್ಲಿ ಗಕ್ಕನೆ ನಿಂತು ಕೂಗಿದ:

‘ಆಯಿ, ಕೀಲಿ ತೀರೇತಿ. ಬಂದು ಕೊಡು.’